ಕೂಡಾಟ ಅಂತ ಹೇಳಿ ಜೋಡಾಟ ತೋರಿಸಿದ್ರೆ?

ಬಸ್ಸಲ್ಲಿ ಕಿಟಕಿ ಪಕ್ಕ ಕೂತು ಕೇಳ್ತಾ ಇರುವವರಿಗೂ, ಅಂಗಡಿಯಲ್ಲಿ ಗಿರಾಕಿ ಇಲ್ಲದ ಹೊತ್ತಲ್ಲಿ ಕೇಳ್ತಾ ಇರುವವರಿಗೂ ಸ್ವಾಗತ. ಇವತ್ತಿನ ವಿಷಯ ಸಮ್ಮಿಶ್ರ ಸರ್ಕಾರ. "ರಾಜಕೀಯವಾ ಮಾರಾಯ್ರೆ" ಅಂತ ಸ್ಕಿಪ್ ಮಾಡ್ಬೇಡಿ. ಹತ್ತು ನಿಮಿಷ ಕೊಡಿ, ಸಾಕು.

2019ರ ಎಪ್ರಿಲ್‌ನಿಂದ ಶುರು ಮಾಡ್ತೇನೆ. ಅದು ನನ್ನ ಮೊದಲ ಲೋಕಸಭಾ ಮತ. ಬೂತಿನಿಂದ ಹೊರಗೆ ಬಂದ ಪಕ್ಕದ ಮನೆ ಅಜ್ಜಿ ನನ್ನ ಕೈ ಹಿಡಿದು ಮೆಲ್ಲಗೆ ಕೇಳಿದ್ರು, "ಮಗಾ, ಅದ್ರಗೆ ಕೈಯೇ ಇಲ್ಲೆ ಅಲ್ದಾ?" ಅಜ್ಜಿ ತಪ್ಪು ನೋಡಿದ್ದಲ್ಲ. ಆ ಸಲ ಮತಯಂತ್ರದಲ್ಲಿ ಕೈ ಚಿಹ್ನೆ ನಿಜಕ್ಕೂ ಇರಲಿಲ್ಲ.

ಯಾಕೆ ಅಂದ್ರೆ, ಆಗ ರಾಜ್ಯದಲ್ಲಿ ಕಾಂಗ್ರೆಸ್-ಜೆಡಿಎಸ್ ಸಮ್ಮಿಶ್ರ ಸರ್ಕಾರ. ಲೋಕಸಭೆಗೆ ಸೀಟು ಹಂಚಿಕೊಂಡ್ರು. ಬ್ರಹ್ಮಾವರ, ಕುಂದಾಪುರ ಬರುವುದು ಉಡುಪಿ-ಚಿಕ್ಕಮಗಳೂರು ಕ್ಷೇತ್ರಕ್ಕೆ. ಬೈಂದೂರು ಶಿವಮೊಗ್ಗ ಕ್ಷೇತ್ರಕ್ಕೆ. ಎರಡೂ ಜೆಡಿಎಸ್ ಪಾಲಿಗೆ ಹೋಯ್ತು. ಇಲ್ಲಿ ಕಾಂಗ್ರೆಸ್‌ನವರೇ ಆದ ಮಾಜಿ ಸಚಿವ ಪ್ರಮೋದ್ ಮಧ್ವರಾಜ್ ತೆನೆ ಹೊತ್ತ ಮಹಿಳೆಯ ಚಿಹ್ನೆಯಲ್ಲಿ ನಿಂತ್ರು. ಅಲ್ಲಿ ಜೆಡಿಎಸ್‌ನ ಮಧು ಬಂಗಾರಪ್ಪ. ಎರಡೂ ಕಡೆ ಬಿಜೆಪಿ ಗೆದ್ದಿತು. ರಾಜ್ಯದ 28ರಲ್ಲಿ ಮೈತ್ರಿಗೆ ಸಿಕ್ಕಿದ್ದು ಎರಡೇ ಸೀಟು. ಯಾರು ಸೋತರು, ಯಾರು ಗೆದ್ದರು ಎಂಬುದು ನನ್ನ ಇವತ್ತಿನ ತಕರಾರಲ್ಲ. ಅಜ್ಜಿಯನ್ನು ಯಾರಾದರೂ ಒಂದು ಮಾತು ಕೇಳಿದ್ರಾ? ಪ್ರಶ್ನೆ ಇಷ್ಟೇ.

ನಮ್ಮ ಕಡೆ ಯಕ್ಷಗಾನ ನೋಡುವವರಿಗೆ ಜೋಡಾಟ ಗೊತ್ತು, ಕೂಡಾಟವೂ ಗೊತ್ತು. ಜೋಡಾಟ ಅಂದ್ರೆ ಎರಡು ಮೇಳ, ಅಕ್ಕಪಕ್ಕ ಎರಡು ರಂಗಸ್ಥಳ, ರಾತ್ರಿಯಿಡೀ ಪೈಪೋಟಿ. ಕೂಡಾಟ ಅಂದ್ರೆ ಎರಡು ಮೇಳದವರು ಸೇರಿ ಒಂದೇ ಆಟ ಆಡುವುದು. ಕರ್ನಾಟಕದ ಸಮ್ಮಿಶ್ರ ಸರ್ಕಾರಗಳ ಕತೆ ಏನಪ್ಪ ಅಂದ್ರೆ, ಡಂಗುರ ಸಾರಿದ್ದು ಕೂಡಾಟಕ್ಕೆ, ನಡೆದದ್ದು ಜೋಡಾಟ.

ಸ್ವಲ್ಪ ಹಿಂದೆ ಹೋಗುವ. 2004ರಲ್ಲಿ ಬಿಜೆಪಿಗೆ 79, ಕಾಂಗ್ರೆಸ್‌ಗೆ 65, ಜೆಡಿಎಸ್‌ಗೆ 58. ಯಾರಿಗೂ ಬಹುಮತ ಇಲ್ಲ. ಮೊದಲು ಕಾಂಗ್ರೆಸ್-ಜೆಡಿಎಸ್ ಸೇರಿ ಧರಂ ಸಿಂಗ್ ಮುಖ್ಯಮಂತ್ರಿ. ಅದು ಬಿದ್ದ ಮೇಲೆ 2006ರ ಫೆಬ್ರವರಿ 3ರಂದು ಜೆಡಿಎಸ್-ಬಿಜೆಪಿ ಸರ್ಕಾರ. ಉಳಿದದ್ದು ಸುಮಾರು 40 ತಿಂಗಳು. 20 ತಿಂಗಳು ಕುಮಾರಸ್ವಾಮಿ, ಆಮೇಲೆ 20 ತಿಂಗಳು ಯಡಿಯೂರಪ್ಪ. ಅದಕ್ಕೇ 'ಟ್ವೆಂಟಿ-ಟ್ವೆಂಟಿ ಸರ್ಕಾರ' ಅಂತ ಹೆಸರು ಬಿತ್ತು.

2007ರ ಸೆಪ್ಟೆಂಬರ್ 24ಕ್ಕೆ ಧೋನಿ ತಂಡ ಟಿ20 ವಿಶ್ವಕಪ್ ಗೆದ್ದಿತು. ನಾನಾಗ ಪ್ರೈಮರಿ ಶಾಲೆ. ಒಂಬತ್ತು ದಿನ ಬಿಟ್ಟು, ಅಕ್ಟೋಬರ್ 3ಕ್ಕೆ, ನಮ್ಮ ರಾಜ್ಯದ ಟ್ವೆಂಟಿ-ಟ್ವೆಂಟಿಯ ಎರಡನೇ ಇನ್ನಿಂಗ್ಸ್ ಶುರುವಾಗಬೇಕಿತ್ತು. ಆಗಲಿಲ್ಲ. ಅಧಿಕಾರ ಹಸ್ತಾಂತರವಾಗಲಿಲ್ಲ, ಬಿಜೆಪಿ ಬೆಂಬಲ ವಾಪಸ್ ತೆಗೆಯಿತು, ರಾಷ್ಟ್ರಪತಿ ಆಳ್ವಿಕೆ ಬಂತು. ಮತ್ತೆ ರಾಜಿ ಆಗಿ ನವೆಂಬರ್ 12ಕ್ಕೆ ಯಡಿಯೂರಪ್ಪ ಪ್ರಮಾಣವಚನ. ಜೆಡಿಎಸ್ ಬೆಂಬಲ ಕೊಡದೆ ನವೆಂಬರ್ 19ಕ್ಕೆ ರಾಜೀನಾಮೆ. ಏಳು ದಿನ.

ನಾನು ಬಿಕಾಂ ಓದಿದವನು. ನಮಗೆ 1932ರ ಪಾಲುದಾರಿಕೆ ಕಾಯ್ದೆ ಪಾಠ ಇತ್ತು. ಎಷ್ಟು ಕಾಲ, ಹೇಗೆ ಮುಗಿಯಬೇಕು ಅಂತ ಒಪ್ಪಂದದಲ್ಲಿ ಇಲ್ಲದಿದ್ರೆ ಅದನ್ನು 'ಪಾರ್ಟ್‌ನರ್‌ಶಿಪ್ ಅಟ್ ವಿಲ್' ಅಂತಾರೆ. ಒಬ್ಬ ಪಾಲುದಾರ ನೋಟಿಸ್ ಕೊಟ್ರೆ ಸಂಸ್ಥೆ ಮುಗೀತು. ನನ್ನ ಮಾವನಿಗೆ ಗಂಗೊಳ್ಳಿಯಲ್ಲಿ ಒಂದು ಬೋಟಿನಲ್ಲಿ ಪಾಲಿತ್ತು. ಮೀನು ಬಂದಾಗ ಲೆಕ್ಕ ಹೇಗೆ ಅಂತ ಎಲ್ಲ ಸರಿಯಾಗಿ ಬರೆದಿಟ್ಟಿದ್ರು. ಬೇರೆ ಆಗುವಾಗ ಬಲೆ ಯಾರಿಗೆ, ಸಾಲ ಯಾರಿಗೆ ಅಂತ ಮಾತ್ರ ಬರೆದಿರಲಿಲ್ಲ. ಎರಡು ವರ್ಷ ಮಾತಿಲ್ಲ ಕತೆಯಿಲ್ಲ. ಒಪ್ಪಂದ ಬೇಕಾಗುವುದು ಪ್ರೀತಿ ಇರುವ ದಿನಕ್ಕಲ್ಲ ಅಂತ ನನಗೆ ಆಗ ಗೊತ್ತಾಯ್ತು.

ಈಗ ಐರ್ಲೆಂಡ್‌ಗೆ ಹೋಗುವ. ಸುಮಾರು 50 ಲಕ್ಷ ಜನ. ನಮ್ಮ ಉಡುಪಿ ಜಿಲ್ಲೆಯಂಥ ನಾಲ್ಕೈದು ಜಿಲ್ಲೆ ಸೇರಿಸಿದಷ್ಟು. 2020ರ ಫೆಬ್ರವರಿ ಚುನಾವಣೆಯಲ್ಲಿ 160 ಸೀಟಲ್ಲಿ ಯಾವ ಪಕ್ಷವೂ 40 ಮುಟ್ಟಲಿಲ್ಲ. ಫಿಯಾನಾ ಫಾಲ್, ಫಿನೆ ಗೇಲ್ ಅಂತ ಎರಡು ಹಳೇ ಪಕ್ಷ. 1922-23ರ ಅಂತರ್ಯುದ್ಧದಲ್ಲಿ ಎದುರುಬದುರು ನಿಂತವರ ವಂಶ. ನೂರು ವರ್ಷದ ಹಗೆ. ಇವರಿಬ್ಬರೂ ಗ್ರೀನ್ ಪಕ್ಷವನ್ನು ಸೇರಿಸಿಕೊಂಡು ಸರ್ಕಾರ ಮಾಡಿದ್ರು.

ಹೇಗೆ ಮಾಡಿದ್ರು ನೋಡಿ. ನಾಲ್ಕೂವರೆ ತಿಂಗಳು ಹೋಯ್ತು. ನೂರಕ್ಕೂ ಹೆಚ್ಚು ಪುಟದ ಒಪ್ಪಂದ ಬರೆದು ಪ್ರಕಟ ಮಾಡಿದ್ರು, ಯಾರು ಬೇಕಾದ್ರೂ ಓದಬಹುದು. ಮೂರೂ ಪಕ್ಷದವರು ಅದನ್ನು ತಮ್ಮ ಸದಸ್ಯರ ಮುಂದೆ ಮತಕ್ಕೆ ಹಾಕಿದ್ರು. ಗ್ರೀನ್ ಪಕ್ಷದಲ್ಲಂತೂ ಮೂರರಲ್ಲಿ ಎರಡು ಪಾಲು ಒಪ್ಪಿಗೆ ಬೇಕಿತ್ತು. ಮೊದಲು ಮೈಕಲ್ ಮಾರ್ಟಿನ್ ಪ್ರಧಾನಿ, 2022ರ ಡಿಸೆಂಬರ್‌ನಲ್ಲಿ ಲಿಯೋ ವರಾಡ್ಕರ್. ಡಿಸೆಂಬರ್ 17ಕ್ಕೆ ಹಸ್ತಾಂತರ ಆಯ್ತು. ಇಳಿದ ಮಾರ್ಟಿನ್ ಮನೆಗೆ ಹೋಗಲಿಲ್ಲ, ಉಪಪ್ರಧಾನಿ ಆದ್ರು. ಹಣಕಾಸು ಖಾತೆಯೂ ಅದೇ ದಿನ ಒಂದು ಪಕ್ಷದಿಂದ ಇನ್ನೊಂದಕ್ಕೆ ಹೋಯ್ತು.

ಹಾಗಾದ್ರೆ ಬರೆದಿಟ್ರೆ ಸಾಕಾ? ಸಾಕಾಗುವುದಿಲ್ಲ. ಅದೇ 2020ರಲ್ಲಿ ಇಸ್ರೇಲ್‌ನಲ್ಲಿ ನೆತನ್ಯಾಹು, ಗಾಂಟ್ಜ್ ಸರದಿ ಒಪ್ಪಂದ ಮಾಡಿಕೊಂಡ್ರು. ಕಾಗದದಲ್ಲಿ ಬಿಡಿ, ಮೂಲಭೂತ ಕಾನೂನಿಗೇ ತಿದ್ದುಪಡಿ ತಂದ್ರು. ಆದರೆ ಬಜೆಟ್ ಪಾಸಾಗದಿದ್ರೆ ಸಂಸತ್ತು ತಾನಾಗೇ ವಿಸರ್ಜನೆ ಎಂಬ ಒಂದು ಬಾಗಿಲು ತೆರೆದೇ ಇತ್ತು. ಡಿಸೆಂಬರ್‌ನಲ್ಲಿ ಬಜೆಟ್ ಪಾಸಾಗಲಿಲ್ಲ. ಗಾಂಟ್ಜ್ ಸರದಿ ಬರಲೇ ಇಲ್ಲ.

ನಮ್ಮಲ್ಲೂ 2018ರ ಒಪ್ಪಂದ ಬರವಣಿಗೆಯಲ್ಲೇ ಇತ್ತು. ಐದೂ ವರ್ಷ ಕುಮಾರಸ್ವಾಮಿ, ಖಾತೆ ಹೀಗೆ, ಲೋಕಸಭೆಗೆ ಒಟ್ಟಿಗೆ ಅಂತ ಜೂನ್ 1ಕ್ಕೆ ಘೋಷಣೆ ಮಾಡಿದ್ರು. ಸಮನ್ವಯ ಸಮಿತಿಯೂ ಇತ್ತು. ಆದರೆ ಸಹಿ ಹಾಕಿದ್ದು ಮೇಲಿನವರು. ಹಳೇ ಮೈಸೂರಿನಲ್ಲಿ ದಶಕಗಳಿಂದ ಪರಸ್ಪರ ಹೊಡೆದಾಡಿದ ಕಾರ್ಯಕರ್ತರನ್ನು, ನಮ್ಮ ಅಜ್ಜಿಯಂಥ ಮತದಾರರನ್ನು ಒಪ್ಪಿಸುವ ಕೆಲಸ ಆಗಲಿಲ್ಲ. ಶಾಸಕರು ಒಬ್ಬೊಬ್ಬರಾಗಿ ರಾಜೀನಾಮೆ ಕೊಟ್ರು. 2019ರ ಜುಲೈ 23ಕ್ಕೆ ವಿಶ್ವಾಸಮತದಲ್ಲಿ 99ಕ್ಕೆ 105. ಹದಿನಾಲ್ಕು ತಿಂಗಳಿಗೆ ಮುಗೀತು.

ಹಾಗಾಗಿ ಐರ್ಲೆಂಡ್‌ನಿಂದ ಕಲಿಯುವುದು ಮೂರು. ಒಪ್ಪಂದ ಜನರ ಕಣ್ಣಿಗೆ ಬೀಳಬೇಕು. ಕೆಳಗಿನವರ ಒಪ್ಪಿಗೆ ಪಡೀಬೇಕು. ಕುರ್ಚಿ ಬಿಡುವವನಿಗೂ ಮರ್ಯಾದೆಯ ಜಾಗ ಇರಬೇಕು. ಇಸ್ರೇಲ್‌ನಿಂದ ಒಂದು: ತಪ್ಪಿಸಿಕೊಳ್ಳುವ ಬಾಗಿಲು ಎಲ್ಲಿದೆ ಅಂತ ಮೊದಲೇ ನೋಡಬೇಕು.

"ಇದೆಲ್ಲ ಬೆಂಗಳೂರಿನ ಕತೆ, ನಮಗೆಂತ?" ಅಂತೀರಾ? 2023ರಲ್ಲಿ ಒಂದೇ ಪಕ್ಷಕ್ಕೆ ಪೂರ್ಣ ಬಹುಮತ ಬಂದ ಮೇಲೂ ಎರಡೂವರೆ ವರ್ಷದ ಮಾತು ಇತ್ತಾ, ಇರಲಿಲ್ಲವಾ ಅಂತ ರಾಜ್ಯ ಇಡೀ ಚರ್ಚೆ ಮಾಡಿತು. ಇನ್ನೂ ಕೆಳಗೆ ಬನ್ನಿ. ಗ್ರಾಮ ಪಂಚಾಯತಿಯಲ್ಲಿ ಪಕ್ಷದ ಚಿಹ್ನೆ ಇಲ್ಲ. ಅಧ್ಯಕ್ಷಗಿರಿಗೆ "ಮೊದಲು ನೀನು, ಆಮೇಲೆ ನಾನು" ಅಂತ ಬಾಯಿಮಾತು ನಡೆಯುವುದು ಎಷ್ಟೋ ಊರಲ್ಲಿ ಉಂಟು. ಸರದಿ ಬಂದಾಗ ಜಗಳ. ಜಗಳ ಇರುವಷ್ಟು ದಿನ ಸಭೆಗೆ ಕೋರಂ ಇಲ್ಲ, ದಾರಿದೀಪದ ಅರ್ಜಿ ಅಲ್ಲೇ ಬಾಕಿ.

ಮುಂದಿನ ಸಲ ನಿಮ್ಮ ವಾರ್ಡಿನಲ್ಲಿ ಮತ ಕೇಳ್ಲಿಕ್ಕೆ ಬಂದವರನ್ನು ಒಂದೇ ಪ್ರಶ್ನೆ ಕೇಳಿ: "ನೀವು ಯಾರ ಜೊತೆ ಸೇರ್ತೀರಿ, ಅದನ್ನು ಬರೆದು ಪಂಚಾಯತಿ ಬೋರ್ಡಿಗೆ ಅಂಟಿಸ್ತೀರಾ?" ನಗಬಹುದು. ನಗ್ಲಿ. ನಾಲ್ಕು ಮನೆಯಲ್ಲಿ ಇದೇ ಪ್ರಶ್ನೆ ಬಂದ್ರೆ ಐದನೇ ಮನೆಗೆ ಉತ್ತರ ತಯಾರು ಮಾಡ್ಕೊಂಡು ಬರ್ತಾರೆ.

ನಿಮ್ಮ ಊರಲ್ಲಿ ಇಂಥ ಸರದಿ ಒಪ್ಪಂದ ನಡೆದು ಉಳಿದ ಉದಾಹರಣೆ ಇದ್ರೆ ವಾಯ್ಸ್ ನೋಟ್ ಕಳಿಸಿ. ಮುರಿದದ್ದು ಬೇಡ, ಅದು ನಮ್ಮ ಹತ್ರ ಬೇಕಾದಷ್ಟು ಉಂಟು. ಮುಂದಿನ ವಾರ ಸಿಗುವ.