ಬರೀ ನಂಬರ್ ಹಾಕಿದ್ರೆ ನಗೋದು ಹೇಗೆ?

ನಾನು ಅರಸೀಕೆರೆ ತಾಲ್ಲೂಕಿನ ಬಾಣಾವರದವಳು. ಇವತ್ತು ಒಂದು ಸಣ್ಣ ಅವಮಾನದ ಕಥೆ ಹೇಳ್ತೀನಿ.

ಬೆಂಗಳೂರಲ್ಲಿ ಎಂಜಿನಿಯರಿಂಗ್ ಸೇರಿದ ಹೊಸತು. ನಮ್ಮ ನೋಟ್ಸ್ ಮೂರು ವಾಟ್ಸ್‌ಆ್ಯಪ್ ಗ್ರೂಪ್‌ಗಳಲ್ಲಿ ಚದುರಿಹೋಗಿತ್ತು. 'ಎಲ್ಲಾ ಸೇರಿಸಿ ಒಂದು ಹೊಸ ಗ್ರೂಪ್ ಮಾಡೋಣ' ಅಂದೆ. ಸೀನಿಯರ್ ಒಬ್ರು ಬರೀ '927' ಅಂತ ಹಾಕಿದ್ರು. ಎಲ್ಲರೂ ನಕ್ಕರು. ನಾನೂ ನಗೋ ಇಮೋಜಿ ಹಾಕಿದೆ. ಅರ್ಥ ಮಾತ್ರ ಆಗಿರಲಿಲ್ಲ.

ರಾತ್ರಿ ಹುಡುಕಿದೆ. ಅಮೆರಿಕದ ರ‍್ಯಾಂಡಲ್ ಮನ್ರೋ 2005ರಿಂದ ಬರೀತಿರೋ 'ಎಕ್ಸ್‌ಕೆಸಿಡಿ' ಅನ್ನೋ ವೆಬ್‌ಕಾಮಿಕ್ ಅದು. ಕಡ್ಡಿಯಂಥ ಮನುಷ್ಯರು, ಪ್ರತಿ ಕಾಮಿಕ್‌ಗೂ ಒಂದು ನಂಬರ್. 927ರಲ್ಲಿ ಒಂದೇ ಕೆಲಸಕ್ಕೆ 14 ಸ್ಟ್ಯಾಂಡರ್ಡ್‌ಗಳಿವೆ. ಎಲ್ಲಕ್ಕೂ ಸಲ್ಲೋ ಒಂದನ್ನ ಮಾಡೋಣ ಅಂತ ಹೊರಡ್ತಾರೆ. ಕೊನೆಗೆ 15 ಆಗುತ್ತೆ. ನನ್ನ ನಾಲ್ಕನೇ ಗ್ರೂಪಿನ ಕಥೆ!

ನಮ್ಮಜ್ಜಿ ಮಾತಾಡೋದೂ ಹೀಗೇ. 'ಅತ್ತೆಗೊಂದು ಕಾಲ' ಅಂತ ನಿಲ್ಲಿಸ್ತಾರೆ, ಉಳಿದದ್ದು ಮನೆಯವರಿಗೆಲ್ಲ ಗೊತ್ತು. ಗಾದೆ ಗೊತ್ತಿಲ್ಲದವರು ಪಿಳಿಪಿಳಿ ನೋಡ್ತಾರೆ.

ಅಂಥವರಿಗೂ ಮನ್ರೋ ಒಂದು ಕಾಮಿಕ್ ಬರೆದಿದ್ದಾರೆ, ನಂಬರ್ 1053. ಲೆಕ್ಕ ಸರಳ. ಅಮೆರಿಕದಲ್ಲಿ ವರ್ಷಕ್ಕೆ ಸುಮಾರು 40 ಲಕ್ಷ ಮಕ್ಕಳು ಹುಟ್ತಾರೆ. ಹಾಗಾಗಿ 'ದೊಡ್ಡವರಿಗೆಲ್ಲ ಗೊತ್ತಿರೋ' ವಿಷಯವನ್ನೂ ಅಲ್ಲಿ ದಿನಕ್ಕೆ ಸುಮಾರು 10,000 ಜನ ಮೊದಲ ಸಲ ಕೇಳ್ತಿರ್ತಾರೆ. ಅವರನ್ನ ಆಡಿಕೊಂಡ್ರೆ, ಹೊಸದನ್ನ ತೋರಿಸೋ ಖುಷಿ ನಮಗೇ ತಪ್ಪುತ್ತೆ.

ಈಗ ನಾನೇ ಸೀನಿಯರ್. ನಂಬರ್ ಹಾಕ್ತೀನಿ, ಜೊತೆಗೆ ಲಿಂಕು, ಕನ್ನಡದಲ್ಲಿ ಒಂದು ಸಾಲು ವಿವರ. ನಗು ಸ್ವಲ್ಪ ತಡವಾಗಿ ಬರುತ್ತೆ. ಆದ್ರೆ ಯಾರೂ ನನ್ನ ಥರ ಸುಳ್ಳು ನಗು ನಗಬೇಕಿಲ್ಲ.