ಬಿತ್ತನೆಗೆ ಮುನ್ನ ಕೂರಿಗೆಯ ತುಕ್ಕು ಬಿಡಿಸಿ



ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ತಾಲ್ಲೂಕುಗಳ ಕೆಂಪು ನೆಲದಲ್ಲಿ ಶೇಂಗಾ, ರಾಗಿ ಬಿತ್ತುವ ಹದ ಕೆಲವೇ ದಿನ ಇರುತ್ತದೆ. ಆಗ ಬೀಜ-ಗೊಬ್ಬರ ಕೂರಿಗೆಯ ಒಂದು ಕೊಳವೆ ತುಕ್ಕಿನಿಂದ ಕಟ್ಟಿಕೊಂಡರೂ ಆ ಸಾಲು ಬರಿದು. ಮೊಳಕೆ ಬರುವವರೆಗೆ ತಪ್ಪು ಕಾಣದು; ಕಂಡಾಗ ಹದ ಆರಿರುತ್ತದೆ.

ಮಳೆ ಕಡಿಮೆಯ ಸೀಮೆಯಲ್ಲಿ ತುಕ್ಕೆಲ್ಲಿಯದು ಎನ್ನಬಹುದು. ಪೆಟ್ಟಿಗೆಯಲ್ಲಿ ಉಳಿದ ರಾಸಾಯನಿಕ ಗೊಬ್ಬರ ಗಾಳಿಯ ತೇವ ಹೀರಿ ಕಬ್ಬಿಣವನ್ನು ತಿನ್ನುತ್ತದೆ.

ಮೊದಲು ಅಂಟಿದ ಮಣ್ಣು, ಗೊಬ್ಬರ ಕೆರೆದು ತೆಗೆಯಿರಿ. ಹಿಡಿದುಕೊಂಡ ಬೋಲ್ಟುಗಳಿಗೆ ಡೀಸೆಲ್ ಬೆರೆಸಿದ ಎಂಜಿನ್ ಎಣ್ಣೆ ಹಚ್ಚಿ ಒಂದು ರಾತ್ರಿ ಬಿಡಿ, ಸುತ್ತಿಗೆಯಿಂದ ಬಡಿಯಬೇಡಿ. ಕುಳಗಳನ್ನು ತಂತಿ ಬ್ರಷ್ಷಿನಿಂದಲೂ ಬಳಿಕ ಮರಳು ಕಾಗದದಿಂದಲೂ ಉಜ್ಜಿರಿ. ಬೆಂಕಿಗೆ ಹಿಡಿದರೆ ಕಬ್ಬಿಣ ಮೆತ್ತಗಾಗಿ ಬೇಗ ಸವೆಯುತ್ತದೆ. ಬಿಚ್ಚಿದ ಸಣ್ಣ ಭಾಗಗಳನ್ನು ಹುಣಸೆ ರಸದಲ್ಲಿ ರಾತ್ರಿ ನೆನೆಹಾಕಿರಿ. ಹುಳಿ ತುಕ್ಕನ್ನು ಕರಗಿಸುತ್ತದೆ. ಬೆಳಿಗ್ಗೆ ತೊಳೆದು, ಒಣಗಿಸಿ, ಕೂಡಲೇ ಎಣ್ಣೆ ಸವರದಿದ್ದರೆ ಮತ್ತೆ ತುಕ್ಕು ಹಿಡಿಯುತ್ತದೆ. ತೂತು ಬಿದ್ದ ಕೊಳವೆಯನ್ನು ಬದಲಿಸುವುದೇ ಲೇಸು.

ಕೊನೆಗೆ ಕೂರಿಗೆಯನ್ನು ಎತ್ತಿ ನಿಲ್ಲಿಸಿ, ಚಕ್ರ ತಿರುಗಿಸಿ, ಎಲ್ಲ ಕೊಳವೆಗಳಿಂದಲೂ ಬೀಜ ಸಮನಾಗಿ ಬೀಳುತ್ತಿದೆಯೇ ನೋಡಿರಿ.

ಈ ಸಲ ಬಿತ್ತನೆ ಮುಗಿದ ಸಂಜೆಯೇ ಪೆಟ್ಟಿಗೆ ಬರಿದು ಮಾಡಿ, ಒರೆಸಿ, ಎಣ್ಣೆ ಸವರಿ ನೆರಳಿನಲ್ಲಿಟ್ಟರೆ ಬರುವ ವರ್ಷ ಇಷ್ಟು ಶ್ರಮವಿರುವುದಿಲ್ಲ.