ಸಿದ್ಧ ಮತ್ತು ಸಾಧ್ಯ
(ರಾಜ್ಯೋತ್ಸವ ಸಭೆಯಲ್ಲಿ ಮಾಡಿದ ಭಾಷಣ)



ನಮ್ಮ ಹಳೆಯ ಶಾಸನಗಳಲ್ಲಿ ಭೂದಾನ ಕೊಡುವಾಗ ಎಂಟು ಬಗೆಯ ಭೋಗಗಳನ್ನು ಎಣಿಸಿ ಬರೆಯುವ ವಾಡಿಕೆಯಿತ್ತು: ನಿಧಿ, ನಿಕ್ಷೇಪ, ಜಲ, ಪಾಷಾಣ, ಅಕ್ಷೀಣಿ, ಆಗಾಮಿ, ಸಿದ್ಧ, ಸಾಧ್ಯ. ಕೈಗೆ ಬಂದದ್ದು ಸಿದ್ಧ. ಮುಂದೆ ಬರಬಹುದಾದದ್ದು ಸಾಧ್ಯ. ಬ್ಯಾಂಕಿನ ಲೆಕ್ಕ ಬರೆಯುವ ನಮ್ಮಂಥವರಿಗೆ ಈ ಭೇದ ಬಹಳ ಹಿಡಿಸುತ್ತದೆ. ಮಂಡ್ಯದ ಲಿಥಿಯಂ ವಿಷಯದಲ್ಲಿ ಅದನ್ನು ಇಂದು ನೆನೆಯಬೇಕಾಗಿದೆ.

ಲಿಥಿಯಂ ಲೋಹಗಳಲ್ಲೆಲ್ಲ ಹಗುರವಾದದ್ದು. ಮೊಬೈಲಿನಿಂದ ವಿದ್ಯುತ್ ಕಾರಿನವರೆಗೆ ಬ್ಯಾಟರಿಗಳಿಗೆ ಅದೇ ಜೀವಾಳ. ಮೋಟಾರು ತಯಾರಿಕೆಗೆ ಹೆಸರಾದ ಈ ಚೆನ್ನೈಯಲ್ಲಿ ಅದರ ಬೆಲೆಯನ್ನು ಬಲ್ಲದವರಾರು? ಶ್ರೀರಂಗಪಟ್ಟಣ ತಾಲ್ಲೂಕಿನ ಮರಳಾಗಾಲ, ಅಲ್ಲಾಪಟ್ಟಣಗಳ ಸುತ್ತ ಪರಮಾಣು ಖನಿಜ ನಿರ್ದೇಶನಾಲಯದವರು ಇದನ್ನು ಹುಡುಕಿದರು. 2020ರಲ್ಲಿ ಪತ್ರಿಕೆಗಳು 14,100 ಟನ್ ಎಂದು ಬರೆದವು. 2021ರಲ್ಲಿ ಸರ್ಕಾರ ತಿಳಿಸಿದ್ದು 1,600 ಟನ್. ಅದೂ ‘ಅನುಮಿತ’ ಎಂಬ ವರ್ಗದಲ್ಲಿ.

ಅನುಮಿತವೆಂದರೇನು? ಮೊದಲು ಮೇಲ್ಮೈಯ ಕಲ್ಲುಮಣ್ಣಿನ ಪರೀಕ್ಷೆ. ಬಳಿಕ ಅಲ್ಲಲ್ಲಿ ನೆಲ ಕೊರೆದು ಒಳಗಲ್ಲಿನ ತುಣುಕು ತೆಗೆಯುವುದು. ರಂಧ್ರಗಳು ಒತ್ತಾದಷ್ಟೂ ಲೆಕ್ಕ ಖಚಿತ. ವಿರಳವಾಗಿದ್ದರೆ, ನಡುವೆ ಇರುವುದನ್ನು ಊಹಿಸಿಯೇ ಅಂಕಿ ಬರೆಯಬೇಕು. ಅದು ಸುಳ್ಳಲ್ಲ, ಆದರೆ ಠೇವಣಿಯೂ ಅಲ್ಲ. ಜಮ್ಮುವಿನ ರಿಯಾಸಿಯಲ್ಲಿ 59 ಲಕ್ಷ ಟನ್ ಅದಿರು ಇದೆಯೆಂದು 2023ರಲ್ಲಿ ಘೋಷಣೆಯಾಯಿತು. ಅದೂ ಅನುಮಿತವೇ. ಸಾಕಷ್ಟು ಬಿಡ್ಡುದಾರರು ಬಾರದೆ 2024ರಲ್ಲಿ ಅಲ್ಲಿಯ ಹರಾಜು ರದ್ದಾಯಿತು.

ನಮ್ಮಲ್ಲಿ ಎಷ್ಟೋ ಮಂದಿ ಊರಿನ ಅರ್ಧ ಎಕರೆಯನ್ನು ತಮ್ಮನಿಗೋ ಚಿಕ್ಕಪ್ಪನಿಗೋ ಒಪ್ಪಿಸಿ ಬಂದವರು. ನಾಳೆ ಫೋನು ಬರುತ್ತದೆ. “ನೆಲವನ್ನು ಸರ್ಕಾರ ಕಿತ್ತುಕೊಳ್ಳುತ್ತದೆ, ಈಗಲೇ ಮಾರಿಬಿಡಿ” ಎಂದು ಒಬ್ಬ. “ಕೋಟಿ ಬರುತ್ತದೆ, ಸಾಲ ಮಾಡಿ ಇನ್ನೆರಡು ಎಕರೆ ಕೊಳ್ಳಿ” ಎಂದು ಇನ್ನೊಬ್ಬ. ಎರಡಕ್ಕೂ ಕಿವಿಗೊಡಬೇಡಿ. ಗಣಿ ಗುತ್ತಿಗೆ ಕೊಡುವುದು 1957ರ ಕಾಯಿದೆಯಂತೆ. ನೆಲ ಕೊಂಡ ಮಾತ್ರಕ್ಕೆ ಯಾರೂ ಗಣಿಯ ಧಣಿಯಾಗರು. ಅಣ್ಣತಮ್ಮಂದಿರ ಮನಸ್ಸು ಒಡೆಯಲು ಮಾತ್ರ ಗಾಳಿಸುದ್ದಿಯೇ ಸಾಕು.

ಹುಡುಕುವುದು ಬೇಡವೆಂದು ನಾವು ಹೇಳುವುದಿಲ್ಲ. ದೇಶಕ್ಕೆ ಈ ಲೋಹ ಬೇಕು, ಶೋಧ ನಡೆಯಲಿ. ಆದರೆ ಸಿದ್ಧವಾದದ್ದೂ ಒಂದು ದಿನ ತೀರುತ್ತದೆ. ತಮಿಳು ಬಂಧುಗಳು ತಲೆಮಾರುಗಳ ಕಾಲ ದುಡಿದ ಕೋಲಾರದ ಚಿನ್ನದ ಗಣಿ 2001ರಲ್ಲಿ ಮುಚ್ಚಿತು. ಗಣಿ ತೋಡುವಾಗ ಮೊದಲು ಹೋಗುವುದು ಮೇಲಿನ ಮಣ್ಣು. ಮರಳಾಗಾಲದಲ್ಲಿ ಲಿಥಿಯಂ ಇನ್ನೂ ಸಾಧ್ಯ. ಬತ್ತ, ಕಬ್ಬು ಕೊಡುವ ಆ ಮಣ್ಣು ಸಿದ್ಧ. ಸಾಧ್ಯದ ಆಸೆಗೆ ಸಿದ್ಧವನ್ನು ಅಡವಿಡಬೇಡಿರೆಂದು ಅರಿಕೆ ಮಾಡಿಕೊಂಡು ವಿರಮಿಸುತ್ತೇವೆ.